ಮೊದಲ ಕೂಗಿಗೆ ಓ ಅನ್ನಬಾರದು

ಹೋದ ಮಳೆಗಾಲದ ಒಂದು ಮಧ್ಯಾಹ್ನ ಬಟ್ಟೆ ಒಣಹಾಕುವ ಹಗ್ಗ ತರಲು ಬೆಳಗಾವಿಯ ಖಡೇಬಜಾರಿಗೆ ಹೋಗಿದ್ದೆ. ತಗಡಿನ ಮಾಡಿನಿಂದ ಹನಿ ಬಿದ್ದು ನೆನೆದಿದ್ದ ನೈಲಾನ್ ಹಗ್ಗದ ಸುರುಳಿಯೊಂದನ್ನು ಅಂಗಡಿಯವನು ಎತ್ತಿ ನನ್ನ ಮುಂದಿಟ್ಟ. ನೆನೆದ ಹಗ್ಗಕ್ಕೆ ತನ್ನದೇ ಒಂದು ವಾಸನೆಯಿರುತ್ತದೆ. ಹಸಿ ಮಣ್ಣು, ಎಣ್ಣೆ, ಬೆವರು ಎಲ್ಲ ಕೂಡಿದಂಥದ್ದು. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಎರಡೂ ಅಂಗೈ ತಾವಾಗಿಯೇ ಮುಚ್ಚಿಕೊಂಡವು. "ಯಾಕ್ರೀ ಬಾಯಾರ? ಮಾಲ್ ಚಲೋ ಐತ್ರಿ" ಎಂದ ಅವನು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಬಾಯಾರ ಎಂದೇ ಕರೆಯುವುದು. ಮಾಲು ಚೆನ್ನಾಗಿಯೇ ಇತ್ತು. ಆದರೂ ಬೇಡವೆಂದು, ಅರಳೆಯ ಹಗ್ಗ ಕಟ್ಟಿಸಿಕೊಂಡು ಮನೆಗೆ ಬಂದೆ.

ಆ ವಾಸನೆ ನನಗೆ ಅಂಟಿದ್ದು, ಹೊಸ ಶತಮಾನ ಬಂತೆಂದು ಜನ ಪಟಾಕಿ ಹೊಡೆದು ಸುಸ್ತಾದ ವರ್ಷ. ನಾನು ಶಹಾಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದರು, ನಾನು ಗುಡ್ಡ ನೋಡುತ್ತಿದ್ದೆ. ಊರಿನಲ್ಲಿ ಗುಡ್ಡ ಹತ್ತುವವರ ಒಂದು ಸಣ್ಣ ಗುಂಪಿತ್ತು. ಅದಕ್ಕೆ ಜಾಧವ ಎಂಬ ನಿವೃತ್ತ ಸುಭೇದಾರರು ಗುರು. ಊರಿನ ದಂಡುಪ್ರದೇಶವಾದ ಕ್ಯಾಂಪಿನಲ್ಲಿ ಹಳೆಯ ಬಂಗಲೆಯೊಂದರ ಹಿಂದಿನ ಹೆಂಚಿನ ಮನೆಯಲ್ಲಿದ್ದರು. ಅವರ ಮೀಸೆಗೆ ಅಂಜದವರು ಅವರು ಊದುವ ಸೀಟಿಗೆ ಅಂಜುತ್ತಿದ್ದರು.

ಆ ಜೂನಿನಲ್ಲಿ ಸುಭೇದಾರರು ಎಲ್ಲರನ್ನೂ ಕರೆದು, ಚಳಿಗಾಲದಲ್ಲಿ ಕಾರವಾರದ ಕಡೆಯಿಂದ ಗೋಕರ್ಣ ದಾಟಿ ಕೆಳಗಿನವರೆಗೆ ಸಮುದ್ರದ ಅಂಚು ಹಿಡಿದೇ ನಡೆಯುವುದೆಂದು ಹೇಳಿದರು. ಹಲವು ದಿನದ ನಡಿಗೆ. ಮರಳು ಇರುವಷ್ಟು ದೂರ ನಡೆಯುವುದು ಸುಲಭ. ಆದರೆ ಅಲ್ಲಲ್ಲಿ ಮರಳು ಮುಗಿದು ಕರಿಬಂಡೆ ನೆಟ್ಟಗೆ ನೀರಿಗೆ ಇಳಿದಿರುತ್ತದೆ. ಅಲ್ಲಿ ಹಗ್ಗ ಕಟ್ಟಿಕೊಂಡು ಏರಿ ಆಚೆ ಇಳಿಯಬೇಕು. ಗುಂಪಿನಲ್ಲಿ ಹೆಂಗಸರೆಂದರೆ ನಾನು ಮತ್ತು ಲಗಮವ್ವ, ಇಬ್ಬರೇ. ಅಲ್ಲಿಯ ತನಕ ಯಾವ ಗುಡ್ಡಕ್ಕೆ ಹೋದರೂ ಬುಡದಲ್ಲಿ ಕೂತು ಅವಲಕ್ಕಿ ಕಲಸುವ ಕೆಲಸ ನಮ್ಮದು.

"ನಿಮಗ ಖರೇನ ಬರಬೇಕಂತಿದ್ರ, ಇಬ್ಬರೂ ಜೋಡಿ ಆಗಿ ಒಂದ ಹಗ್ಗದಾಗ ಏರಿ ತೋರಸ್ರಿ" ಎಂದರು ಸುಭೇದಾರರು. "ಒಬ್ಬಾಕಿ ತಪ್ಪಿದ್ರ ಇಬ್ಬರೂ ತಪ್ಪಿದಂಗ. ಆಮ್ಯಾಲ ಸಾಮಾನಿನ ಟೆಂಪೋದಾಗ ಕುಂತು ಬರ್ರಿ, ಪಾತೇಲಿ ಹಿಡಕೊಂಡು."

ಟೆಂಪೋದಲ್ಲಿ ಅಡುಗೆಯ ಪಾತೇಲಿ ಹಿಡಿದು ನೋಡುವ ಸಮುದ್ರ ನನಗೆ ಬೇಡವೇ ಬೇಡವಾಗಿತ್ತು. ಆ ಬಂಡೆಯನ್ನು ನನ್ನ ಕೈಯಿಂದ ಹಿಡಿದು ಏರಬೇಕು ಎನ್ನುವುದು ಯಾಕೆ ಅಷ್ಟು ದೊಡ್ಡದಾಯಿತೋ ಈಗಲೂ ಸರಿಯಾಗಿ ಹೇಳಲಾರೆ. ಆ ವರ್ಷ ನನಗೆ ಬೇಕಾದದ್ದು ಅದೊಂದೇ.

ಲಗಮವ್ವ ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಇಡೀ ಗುಂಪಿಗೆ ಅವಳು ಲಗಮವ್ವ, ನನಗೊಬ್ಬಳಿಗೆ ಲಗಮಕ್ಕ. ಖಾನಾಪುರದ ಆಚೆ ಹಲಸಿಯ ದಾರಿಯ ಒಂದು ಕಾಡಂಚಿನ ಊರಿನವಳು, ಕುರಿ ಕಾಯುವ ಮನೆತನದವಳು. ಕಲಿತು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ, ಹಿಂಡಲಗಾದಲ್ಲಿ ಬಾಡಿಗೆಯ ಕೋಣೆ ಮಾಡಿಕೊಂಡಿದ್ದಳು. ಒಮ್ಮೆ ಕೇಳಿದ ದನಿಯನ್ನು ವರ್ಷ ಕಳೆದರೂ ಗುರುತಿಸುತ್ತಿದ್ದಳು. ಕೈಗಳಂತೂ ಟಗರಿನ ಕೊಂಬು ಹಿಡಿದು ಬೆಳೆದ ಕೈ. ಹಗ್ಗ ಹಿಡಿಯಲು ಅವಳು, ಏರಲು ಹಗುರಾದ ನಾನು ಎಂದು ಮೊದಲ ದಿನವೇ ತೀರ್ಮಾನವಾಯಿತು.

ಬೆಳಗಿನ ಓಟ ಕ್ಯಾಂಪಿನಿಂದ ಹಿಂಡಲಗಾದ ಕಡೆಗೆ, ಬೆನ್ನಿಗೆ ಮರಳಿನ ಚೀಲ ಕಟ್ಟಿಕೊಂಡು. ಬೆಳಗಾವಿಯ ಜುಲೈ ಮಂಜು ಎಂದರೆ ಪಕ್ಕದಲ್ಲಿ ಓಡುವವರ ಮುಖವೂ ಕಾಣುವುದಿಲ್ಲ. ಜೈಲಿನ ಉದ್ದನೆಯ ಗೋಡೆಯ ಬದಿಗೆ ಬಂದಾಗ ನಮ್ಮ ಹೆಜ್ಜೆಯ ಸದ್ದು ಇದ್ದಕ್ಕಿದ್ದಂತೆ ಹೆಚ್ಚಾಗುತ್ತಿತ್ತು. ಇಬ್ಬರಲ್ಲ, ಇನ್ನೂ ಯಾರೋ ಹಿಂದೆ ಓಡಿಬರುತ್ತಿದ್ದ ಹಾಗೆ. ಲಗಮಕ್ಕ ಮಾತ್ರ ಒಮ್ಮೆಯೂ ಹಿಂದೆ ತಿರುಗಲಿಲ್ಲ. "ಪ್ರತಿಧ್ವನಿ ಅದು, ಎಂಟನೇತ್ತಾ ಪುಸ್ತಕದಾಗ ಐತಿ. ಬೇಕಾದ್ರ ಬಾ, ಪಾಠ ಮಾಡ್ತೀನಿ" ಎಂದು ನಾನು ಅವಳನ್ನು ಚುಡಾಯಿಸುತ್ತಿದ್ದೆ. "ಪುಸ್ತಕದಾಗ ಇರ್ಲಿ ಬಾಯಾರ, ನೀವು ಮುಂದ ನೋಡಿ ಓಡ್ರಿ" ಎನ್ನುತ್ತಿದ್ದಳು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ದೆವ್ವ, ಗಾಳಿ, ನಿಂಬೆಹಣ್ಣು ಎಂದರೆ ಅಪ್ಪ ನಕ್ಕುಬಿಡುತ್ತಿದ್ದರು. ಮೇಲಾಗಿ ನಾನು ವಿಜ್ಞಾನದ ಬಾಯಾರ. ಅಂಜಿಕೆ ನನ್ನ ಬಳಿ ಸುಳಿಯುವುದಿಲ್ಲವೆಂದು ತಿಳಿದಿದ್ದೆ.

ಕೆಲವು ಭಾನುವಾರ ಯಳ್ಳೂರ ಗಡ ಹತ್ತಿಳಿದು ಕಾಲು ಗಟ್ಟಿಯಾದ ಮೇಲೆ, ಶ್ರಾವಣದಲ್ಲಿ ಸುಭೇದಾರರು ನಮ್ಮನ್ನು ಖಾನಾಪುರದ ಕಾಡಿಗೆ ಕರೆದೊಯ್ದರು. ಬೆಳಗಿನ ಬಸ್ಸಿಗೆ ಖಾನಾಪುರ, ಅಲ್ಲಿಂದ ಹಲಸಿಯ ಕಡೆ ಹೋಗುವ ಟ್ರಾಕ್ಸು ಜೀಪು, ಇಳಿದು ಲಗಮಕ್ಕನ ಊರು. ಅವಳ ಮನೆಯಲ್ಲಿ ಚೀಲ ಇಟ್ಟು ಕಾಡಿನೊಳಗೆ ಒಂದು ಹಳ್ಳದ ತನಕ ನಡೆಯಬೇಕು. ಹಳ್ಳ ದುಮುಕುವ ಕಡೆ, ನೀರಿನ ಪಕ್ಕದಲ್ಲೇ, ಪಾಚಿಗಟ್ಟಿದ ಕರಿಬಂಡೆಯೊಂದು ಎದ್ದು ನಿಂತಿತ್ತು. "ಇದ ನೋಡ್ರಿ ನಮ್ಮ ಸಮುದ್ರ" ಎಂದರು ಸುಭೇದಾರರು. "ಕಲ್ಲು ಹಸಿ ಐತಿ, ನೀರಿನ ಸಪ್ಪಳಕ್ಕ ಕಿವಿ ಕೇಳೂದಿಲ್ಲ. ಅಲ್ಲೂ ಹಿಂಗ ಇರ್ತದ."

ಆ ಬಂಡೆಗೆ ಹೆಸರಿರಲಿಲ್ಲ. ನಮ್ಮ ಕಡೆ ಗುಂಡಿಗೊಂದು, ಗಿಡಕ್ಕೊಂದು ಹೆಸರಿರುವಾಗ ಇಷ್ಟು ದೊಡ್ಡ ಕಲ್ಲಿಗೆ ಹೆಸರಿಲ್ಲದ್ದು ನನಗೆ ಸೋಜಿಗವೆನಿಸಿತು. ಊರಿನಲ್ಲಿ ಕೇಳಿದರೆ ಕನ್ನಡದವರು "ಆ ಕಡೆ" ಎಂದರು, ಮರಾಠಿಯವರು "ತಿಕಡೆ" ಎಂದರು, ಇಬ್ಬರೂ ಮಾತು ಬದಲಿಸಿದರು.

ಅವಳ ಮನೆಯ ಪಡಸಾಲೆಯಲ್ಲಿ ಚಿಗವ್ವ ಎಂದು ಎಲ್ಲರೂ ಕರೆಯುವ ಒಬ್ಬ ಮುದುಕಿ ಇದ್ದಳು, ಲಗಮಕ್ಕನ ತಾಯಿಯ ತಂಗಿ. ಮೊದಲ ದಿನ ನಾವು ಚಹಾ ಕುಡಿಯುತ್ತಿರುವಾಗ ಅವಳು ಮೆಂತ್ಯಪಲ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ನಡುವೆ ತಲೆಯೆತ್ತಿ, "ಓ, ಬಂದೆ" ಎಂದಳು. ಯಾರೂ ಅವಳನ್ನು ಕರೆದಿರಲಿಲ್ಲ. ಉಡಿಯ ಪಲ್ಯ ಚೆಲ್ಲಿ ಏಳಲು ಹೋದಳು. ಲಗಮಕ್ಕ ಚಹಾದ ಬಟ್ಟಲು ಕೆಳಗಿಟ್ಟು, ಅವಳ ಭುಜ ಹಿಡಿದು ಕೂರಿಸಿ, ಚೆಲ್ಲಿದ ಪಲ್ಯವನ್ನು ಮತ್ತೆ ಉಡಿಗೆ ಹಾಕಿದಳು. ಮನೆಯವರಿಗೆ ಅದು ದಿನದ ಸಂಗತಿ. ನಾನು ಮಾತ್ರ ಯಾರು ಕರೆದರೆಂದು ಬಾಗಿಲ ಕಡೆ ನೋಡಿದೆ.

ಕಲ್ಲಿನ ಮೇಲೆ ನಮ್ಮ ತೊಂದರೆ ಶುರುವಾದದ್ದು ಏರುವುದರಲ್ಲಿ ಅಲ್ಲ, ಕೂಗುವುದರಲ್ಲಿ. ಏರುವವಳ ಸೊಂಟಕ್ಕೆ ಹಗ್ಗದ ಒಂದು ತುದಿ. ಕೆಳಗೆ ನಿಂತವಳು ಹಗ್ಗವನ್ನು ತನ್ನ ಬೆನ್ನಿಗೆ ಬಳಸಿ ಎರಡೂ ಕೈಯಲ್ಲಿ ಹಿಡಿದಿರಬೇಕು. ಮೇಲಿನವಳು ಏರಿದಷ್ಟು ಬಿಡುತ್ತ ಹೋಗಬೇಕು, ಜಾರಿದರೆ ಬಿಗಿಹಿಡಿಯಬೇಕು. ನೆತ್ತಿ ಮುಟ್ಟಿ ಅಲ್ಲಿನ ಮರಕ್ಕೆ ತನ್ನನ್ನು ಕಟ್ಟಿಕೊಂಡ ಮೇಲೆ ಮೇಲಿನವಳು "ಬಿಡು" ಎಂದು ಕೂಗುತ್ತಾಳೆ. ಕೆಳಗಿನವಳು ಕೂಡಲೇ "ಬಿಟ್ಟೆ" ಎಂದು ಹಗ್ಗ ಪೂರಾ ಕೈಬಿಡಬೇಕು. ಆಗಲೇ ಮೇಲಿನವಳು ಹಗ್ಗ ಎಳೆದುಕೊಂಡು ಕೆಳಗಿನವಳನ್ನು ಏರಿಸಿಕೊಳ್ಳುವುದು. ಸಮುದ್ರದ ಬಂಡೆಯಲ್ಲಿ ತಡಮಾಡಿದರೆ ಕೆಳಗಿನವಳನ್ನು ಅಲೆ ಎಳೆದುಕೊಂಡು ಹೋಗುತ್ತದೆ.

ನಾನು ನೆತ್ತಿಯಿಂದ "ಲಗಮಕ್ಕಾ, ಬಿಡು" ಎಂದು ಕೂಗಿದರೆ ಕೆಳಗಿನಿಂದ ಉತ್ತರವಿಲ್ಲ. ಮತ್ತೆ ಕೂಗಿದರೂ ಇಲ್ಲ. ಗಂಟಲು ಹರಿಯುವ ಹಾಗೆ ಮೂರನೆಯ ಸಲ ಕೂಗಿದಾಗ ಮಾತ್ರ "ಬಿಟ್ಟೆ" ಎನ್ನುತ್ತಿದ್ದಳು. ಪ್ರತಿ ಸಲವೂ ಹೀಗೆಯೇ.

ಸುಭೇದಾರರ ಮೀಸೆ ಕುಣಿಯತೊಡಗಿತು. "ಎಕ್ಸ್‌ಚೇಂಜಿನಾಗ ಹಿಂಗ ಮಾಡಿದ್ರ ನೌಕರಿ ಉಳೀತೈತೇನವಾ? ಮೂರ ಸಲ ಕರ್ಯೂತನಕ ತೆರಿ ನಿನ್ನ ದಾರಿ ಕಾಯ್ತೈತೇನು?" ಎಂದು ಎಲ್ಲರೆದುರೇ ರೇಗಿದರು. ಲಗಮಕ್ಕ ತಲೆ ತಗ್ಗಿಸಿ ಹಗ್ಗ ಸುತ್ತುತ್ತ ನಿಂತಳು. ಮುಂದಿನ ಭಾನುವಾರವೇ ಪರೀಕ್ಷೆ, ಮೊದಲ ಕೂಗಿಗೆ ಉತ್ತರ ಬರದಿದ್ದರೆ ಇಬ್ಬರೂ ಟೆಂಪೋಗೆ ಎಂದು ಅವರು ಹೇಳಿಬಿಟ್ಟರು.

ಆ ವಾರ ಹಿಂಡಲಗಾದ ಅವಳ ಕೋಣೆಗೆ ಹೋದೆ. ಸಿಟ್ಟು ನೆತ್ತಿಗೇರಿತ್ತು. ನಾನೇನೂ ಕೇಳುವ ಮೊದಲೇ ಅವಳು ಒಗ್ಗರಣೆ ಹಾಕಿದ ಚುರುಮುರಿಯ ತಾಟು ಮುಂದಿಟ್ಟು ಹೇಳತೊಡಗಿದಳು.

"ನಮ್ಮೂರಾಗ ಕಾಡಿಗೆ ಹೋದ್ರ ಮೊದಲನೇ ಕೂಗಿಗೆ ಯಾರೂ ಓ ಅನ್ನೂದಿಲ್ಲ. ಎರಡನೇದಕ್ಕೂ ಇಲ್ಲ. ಅದು ಒಂದ ಸಲ ಕರೀತೈತಿ, ಬಾಳಂದ್ರ ಎರಡ ಸಲ. ಮೂರನೇದು ಮನಶ್ಯಾಂದು. ಸಣ್ಣಾಕಿ ಇದ್ದಾಗಿಂದ ಹಂಗ ಬೆಳದೀನಿ. ನಾ ಬೇಕಂತ ಮಾಡೂದಲ್ಲ ಸುಮಂಗಲಾ, ನಾಲಿಗಿ ಏಳೂದ ಇಲ್ಲ."

"ಅದು ಅಂದ್ರ ಯಾವದು?"

ಅವಳು ತಾಟನ್ನು ನನ್ನತ್ತ ಸರಿಸಿದಳು. ಚಿಗವ್ವನ ಮಾತು ತೆಗೆದಳು. "ಹುಡುಗಿ ಇದ್ದಾಗ ಚಿಗವ್ವ ಕಟಗಿ ಆರಸಾಕ ಹೋಗಿದ್ಲು. ಅವರವ್ವನ ದನೀಲೆ ಯಾರೋ ಕರದ್ರು, ಒಂದ ಸಲ. ಓ ಅಂದಬಿಟ್ಲು. ಸಂಜಿಮುಂದ ಊರ ಮಂದಿ ಹುಡಿಕ್ಯಾಡಿದ್ರ ಆ ಕಲ್ಲಿನ ನೆತ್ತಿ ಮ್ಯಾಲ ಕುಂತಿದ್ಲು. ನಾವು ಹಗ್ಗ ಕಟ್ಟಿ ಏರ್ತೀವಲ್ಲ, ಆ ಕಲ್ಲು. ಹೆಂಗ ಏರಿದಿ ಅಂದ್ರ ಹೇಳಾಕ ಬರವಲ್ದು. ಅವರವ್ವ ಕರದಿದ್ದಿಲ್ಲ. ಮನ್ಯಾಗ ರೊಟ್ಟಿ ಬಡ್ಯಾಕತ್ತಿದ್ಲು."

ನಾನು ಚುರುಮುರಿ ಬಿಟ್ಟು ಪಾಠಕ್ಕೆ ನಿಂತೆ. ಹಳ್ಳದ ಕೊರಕಲು, ಎದುರಿನ ಗುಡ್ಡ, ಬಂಡೆಯ ಮುಖ, ದನಿ ಬಡಿದು ಹಿಂದಿರುಗುವ ಬಗೆ ಎಲ್ಲವನ್ನೂ ಬೆರಳಿನಿಂದ ನೆಲದ ಮೇಲೆ ಬರೆದು ತೋರಿಸಿದೆ. ಅವಳು ನನ್ನ ವಿದ್ಯಾರ್ಥಿನಿಯರಿಗಿಂತ ಶ್ರದ್ಧೆಯಿಂದ ಕೇಳಿದಳು. ಕೊನೆಗೆ, "ಬ್ಯಾರೇದವ್ರ ಮಾತು ಬಿಡು. ನನ್ನ ದನಿ ನಿನಗ ಗುರ್ತ ಸಿಗೂದಿಲ್ಲೇನ?" ಎಂದು ಕೇಳಿದೆ.

"ದನಿ ಗುರ್ತ ಹಿಡಿಯೂದ ನನ್ನ ನೌಕರಿ" ಎಂದಳು. "ಅದಕ್ಕ ನನಗ ಅಂಜಿಕಿ."

ನಾನು ಬಿಡಲಿಲ್ಲ. ಟೆಂಪೋ, ಪಾತೇಲಿ, ಅವಲಕ್ಕಿ ಎಲ್ಲವನ್ನೂ ನೆನಪಿಸಿದೆ. ಅವಳಿಗೂ ಆ ಸಮುದ್ರದ ಬಂಡೆ ಬೇಕಿತ್ತು, ನನಗಿಂತ ಹೆಚ್ಚೇ ಬೇಕಿತ್ತೇನೋ. ಅವಳು ನನ್ನ ಕೈಮೇಲೆ ಕೈಯಿಟ್ಟು, "ಆತು. ಮೊದಲನೇ ಕೂಗಿಗೆ ಬಿಡ್ತೀನಿ" ಎಂದು ಮಾತು ಕೊಟ್ಟಳು. ನಾನು ಗೆದ್ದ ಖುಷಿಯಲ್ಲಿ ತಾಟು ಖಾಲಿ ಮಾಡಿ ಬಸ್ಸು ಹಿಡಿದೆ.

ಪರೀಕ್ಷೆಯ ಭಾನುವಾರ ಖಾನಾಪುರ ದಾಟುತ್ತಿದ್ದಂತೆ ಮಂಜು ಇಳಿಯಿತು. ಲಗಮಕ್ಕನ ಊರಲ್ಲಿ ಮನೆಗಳ ಹೆಂಚೂ ಕಾಣುತ್ತಿರಲಿಲ್ಲ. ಮಳೆ ಜೋರಿಲ್ಲ, ಮುಖಕ್ಕೆ ಒರೆಸಿದಂತೆ ಸಣ್ಣಗೆ ಬೀಳುತ್ತಿತ್ತು. ನಾವು ಹಗ್ಗ ಹೆಗಲಿಗೇರಿಸಿ ಹೊರಡುವಾಗ ಪಡಸಾಲೆಯಲ್ಲಿದ್ದ ಚಿಗವ್ವ ನನ್ನತ್ತ ನೋಡಿ, "ಓ, ಬಂದೆ" ಎಂದಳು.

"ನಾ ಕರೀಲಿಲ್ಲ ಚಿಗವ್ವ" ಎಂದು ನಕ್ಕೆ.

"ಈಗರ ಕರದೆಲ್ಲಬೇ, ಹಿತ್ತಲ ಕಡಿಂದ" ಎಂದಳು ಮುದುಕಿ. "ನಿನ್ನ ದನಿನ ಅದು."

ನಾನು ಅಂಗಳದಲ್ಲಿ, ಅವಳ ಎದುರಿಗೇ ನಿಂತಿದ್ದೆ. ಲಗಮಕ್ಕನ ಮುಖ ನೋಡಿದೆ. ಅವಳು ಹಗ್ಗದ ಸುರುಳಿಯನ್ನು ಎದೆಗೊತ್ತಿಕೊಂಡು ಆಗಲೇ ಅಂಗಳ ದಾಟಿದ್ದಳು. ಹಿಂದೆ ತಿರುಗಲಿಲ್ಲ.

ಬಂಡೆಯ ಬುಡದಲ್ಲಿ ನಮ್ಮೊಡನೆ ಇದ್ದವರು ಸುಭೇದಾರರೊಬ್ಬರೇ. ಗುಂಪಿನ ಗಂಡಸರು ಹಳ್ಳದ ಕೆಳಗೆ ಬೇರೆ ಕಲ್ಲಿನಲ್ಲಿದ್ದರು. ನಾನು ಸೊಂಟಕ್ಕೆ ಗಂಟು ಹಾಕಿಕೊಂಡು ಏರತೊಡಗಿದೆ. ನಾಲ್ಕು ಆಳು ಎತ್ತರದಲ್ಲಿ ಸೀಳಿನಿಂದ ಹೊರಬಂದ ಒಂದು ಬಸರಿ ಗಿಡದ ಬೇರಿಗೆ ಕೊಂಡಿ ಸಿಕ್ಕಿಸಿ ಅದರಲ್ಲಿ ಹಗ್ಗ ಹಾಯಿಸಿದೆ. ಅದರ ಮೇಲೆ ಕಲ್ಲು ನುಣ್ಣಗಾಗಿತ್ತು. ಕೆಳಗೆ ನೋಡಿದರೆ ನನ್ನ ಹಗ್ಗ ಬಿಳಿ ಮಂಜಿನೊಳಗೆ ಇಳಿದು ಮಾಯವಾಗಿತ್ತು. ಆ ತುದಿಯಲ್ಲಿ ಯಾರಿದ್ದಾರೆ ಎನ್ನುವುದು ಕಾಣುತ್ತಿರಲಿಲ್ಲ, ನಂಬಬೇಕಿತ್ತು ಅಷ್ಟೇ.

ನೆತ್ತಿ ಇನ್ನೊಂದು ಆಳಿನಷ್ಟು ದೂರವಿರುವಾಗ ಕೈಗೆ ಹಿಡಿತ ಸಿಗದೆ ನಿಂತುಬಿಟ್ಟೆ. ಕೆನ್ನೆಯನ್ನು ಕಲ್ಲಿಗೆ ಒತ್ತಿದ್ದೆ. ಹಲ್ಲು ಕಚ್ಚಿದ್ದೆ. ಉಸಿರೇ ಸಾಲದಿರುವಾಗ ಕೂಗುವ ಮಾತೆಲ್ಲಿ? ನೀರಿನ ಸದ್ದು ಕಿವಿ ತುಂಬಿತ್ತು. ಆಗ ನನ್ನ ಬಲಗಾಲು ಜಾರಿತು.

ಬಿದ್ದದ್ದು ಎಷ್ಟು ದೂರವೋ ಗೊತ್ತಿಲ್ಲ. ಬೇರಿನ ಕೊಂಡಿ ಕಿರುಗುಟ್ಟಿತು, ಹಗ್ಗ ಸೊಂಟವನ್ನು ಕತ್ತರಿಸುವಂತೆ ಬಿಗಿಯಿತು, ಮೊಣಕಾಲು ಕಲ್ಲಿಗೆ ಬಡಿಯಿತು. ನಾನು ಮಂಜಿನೊಳಗೆ ತೂಗುತ್ತಿದ್ದೆ. ಆಮೇಲೆ ಗೇಣು ಗೇಣಾಗಿ ಹಗ್ಗ ಕೆಳಗಿಳಿಯಿತು. ಕಾಲು ನೆಲಕ್ಕೆ ಹತ್ತಿದಾಗ ಮೊದಲು ಕಂಡದ್ದು ಲಗಮಕ್ಕನ ಅಂಗೈ. ಚರ್ಮ ಕಿತ್ತು ರಕ್ತ ಹಗ್ಗಕ್ಕೆ ಮೆತ್ತಿತ್ತು. ಅವಳ ಪಕ್ಕದಲ್ಲಿ ಸುಭೇದಾರರು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಮುಖ ಬೂದಿ ಬಳಿದಂತಾಗಿತ್ತು.

"ಮ್ಯಾಲಿಂದ ಬಿಡು ಅಂತ ಯಾಕ ಒದರಿದಿ?" ಎಂದು ಕೇಳಿದರು.

"ನಾ ಒದರಲಿಲ್ರೀ. ಬಾಯಿ ಸುದ್ದಾ ತೆರದಿಲ್ಲ."

"ನಾ ಕೇಳೀನಿ. ಲಗಮಕ್ಕಾ, ಬಿಡು ಅಂತ, ಛಂದ ಕೇಳಿಸ್ತು. ನಿನ್ನ ದನಿ." ಅವರು ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡರು. "ಬಿಡು ಅಂದಾಳ, ಬಿಡು, ಅಂತ ನಾನ ಈಕಿಗೆ ಹೇಳಿದೆ. ಬೈದೆ. ಈಕಿ ಬಿಡಲಿಲ್ಲ."

ಕೊಟ್ಟ ಮಾತಿನಂತೆ ಲಗಮಕ್ಕ ಮೊದಲ ಕೂಗಿಗೆ ಕೈಬಿಟ್ಟಿದ್ದರೆ ಆ ಬೇರಿನ ಮೇಲಿನಿಂದ ನಾನು ನೆಟ್ಟಗೆ ಹಳ್ಳದ ಕಲ್ಲುಗಳ ಮೇಲೆ ಬೀಳುತ್ತಿದ್ದೆ. ಅದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಲ್ಲೇ ಕೂತೆ. ಹಳ್ಳ ಸುರಿಯುತ್ತಲೇ ಇತ್ತು. ಆ ಸದ್ದಿನಲ್ಲಿ ಇನ್ನೇನಾದರೂ ಕೇಳಿಸೀತೆಂದು ಮೂವರೂ ಕಿವಿಗೊಟ್ಟಿದ್ದೆವು. ಸುಭೇದಾರರೇ ಹಗ್ಗ ಸುತ್ತಿದರು. ತನ್ನ ಹಗ್ಗವನ್ನು ಇನ್ನೊಬ್ಬರಿಗೆ ಸುತ್ತಲು ಹೇಳುವ ಮನುಷ್ಯ ಅವತ್ತು ಎಲ್ಲ ತಾನೇ ಮಾಡಿದ.

ಬಸ್ಸಿನಲ್ಲಿ ಬೆಳಗಾವಿಯ ದೀಪಗಳು ಕಾಣುವಾಗ ಅವರು ಮುಂದಿನ ಸೀಟಿನಿಂದ ತಿರುಗಿ, "ನೀವಿಬ್ಬರೂ ಹಗ್ಗದಾಗ ಬರ್ರಿ. ಟೆಂಪೋ ಬ್ಯಾಡ" ಎಂದರು. ಮುಂದಿನ ವಾರದಿಂದ ಇಡೀ ಗುಂಪಿಗೆ ಹೊಸ ನಿಯಮ ಬಂತು: ಯಾರು ಏನು ಕೂಗಿದರೂ ಮೂರು ಸಲ ಕೂಗಬೇಕು. ಯಾಕೆಂದು ಗಂಡಸರು ಕೇಳಿದ್ದಕ್ಕೆ, ಸಮುದ್ರದ ಸದ್ದು ಜೋರು ಎಂದು ಹೇಳಿ ಸೀಟಿ ಊದಿದರು.

ನಾನು ಸುಮ್ಮನಿರುವವಳಲ್ಲ. ಲೆಕ್ಕ ಹಾಕಿದೆ. ಹಳ್ಳದ ಕೆಳಗಿದ್ದವರು ಗಂಡಸರು. ಊರಿನ ಹೆಂಗಸರು ಆ ಕಡೆ ಸುಳಿಯುವುದಿಲ್ಲ. ಲಗಮಕ್ಕ ಎಂದು ಕರೆಯುವವಳು ಲೋಕದಲ್ಲಿ ನಾನೊಬ್ಬಳೇ. ಹಿಂದಿನ ವಾರ ನಾನು ಕೂಗಿದ್ದು ಎಲ್ಲೋ ಸುತ್ತಿ ಬಂದು ಕೇಳಿಸಿತೆನ್ನಲು ಯಾವ ಪುಸ್ತಕವೂ ಒಪ್ಪುವುದಿಲ್ಲ. ಆ ತಿಂಗಳು ಎಂಟನೇ ತರಗತಿಗೆ ಪ್ರತಿಧ್ವನಿಯ ಪಾಠ ಬಂತು. ದನಿ ಹೋಗಿ, ಬಡಿದು, ಬರುತ್ತದೆ ಎಂದು ಹಲಗೆಯ ಮೇಲೆ ಬಾಣದ ಗುರುತು ಹಾಕುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿ, "ನಾವು ಕೂಗೂಕಿಂತ ಮೊದಲ ಅದು ಕೂಗತೈತೇನ್ರಿ ಬಾಯಾರ?" ಎಂದು ಕೇಳಿದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಇಲ್ಲ ಎಂದು ಹೇಳಿ ಉಳಿದ ಪಾಠವನ್ನು ಅವರೇ ಓದಿಕೊಳ್ಳಲಿ ಎಂದು ಬಿಟ್ಟೆ.

ಆದರೆ ಲಗಮಕ್ಕ ಎಂದರೆ ನನಗೆ ಪ್ರಾಣವೇ ಆಗಿಬಿಟ್ಟಿತ್ತು. ಅವಳ ಊರಿನ ರೂಢಿ ನನ್ನನ್ನು ಉಳಿಸಿತು ಎಂದು ಅವ್ವನಿಗೆ ಹೇಳಿದೆ, ಅಪ್ಪನಿಗೆ ಹೇಳಿದೆ, ಅಪ್ಪ ಈ ಸಲ ನಗಲಿಲ್ಲ. ಅವಳ ಎದುರಿಗೆ ಹೇಳಿದರೆ ಮಾತ್ರ ಅವಳು ಮುಖ ತಿರುಗಿಸುತ್ತಿದ್ದಳು. ನಾಚಿಕೆ ಇರಬೇಕೆಂದುಕೊಂಡೆ.

ಚಳಿಗಾಲ ಬಂದು, ಸಮುದ್ರಕ್ಕೆ ಹೊರಡುವ ಮುನ್ನಾ ದಿನ ಸಾಮಾನು ಕಟ್ಟಲು ಅವಳ ಕೋಣೆಗೆ ಹೋದೆ. ಗೋಣಿಯಂತೆ ಬಾಯಿ ತೆರೆದ ಅವಳ ಚೀಲ ಮೂಲೆಯಲ್ಲಿ ಖಾಲಿ ಕೂತಿತ್ತು. ಅವಳು ಕಾಟಿನ ಮೇಲೆ ಕೈಕಟ್ಟಿ ಕೂತಿದ್ದಳು.

"ನಾ ಬರೂದಿಲ್ಲ ಸುಮಂಗಲಾ. ಬ್ಯಾರೆಯವರ ಹಗ್ಗದಾಗ ಹೋಗು."

ಯಾಕೆಂದು ಕೇಳಿದೆ. ರೇಗಿದೆ. ಅಂಗಲಾಚಿದೆ. ಕೊನೆಗೆ ಅವಳು, "ಅವತ್ತು ಅದು ಎರಡನೇ ಸಲಾನೂ ಕರದಿತ್ತು" ಎಂದಳು.

ನಾನು ಅವಳ ಪಕ್ಕದಲ್ಲಿ ಕೂತೆ.

"ಸುಭೇದಾರರಿಗೆ ಮೊದಲನೇದು ಅಷ್ಟ ಕೇಳಿಸ್ತು. ಎರಡನೇದು ಸಣ್ಣಗ ಬಂತು, ನನ್ನ ಕಿವಿ ಬಾಜೂಕನ ನಿಂತು ಅಂದಂಗ. ನಿನ್ನ ದನಿ. ಏರಿ ಏರಿ ಸಾಕಾದವ್ರು ಕರೀತಾರಲ್ಲ, ಹಂಗ. ಇದು ಸುಮಂಗಲಾನ, ಮೂರನೇದು ಬಂದಕೂಡ್ಲೆ ಬಿಡೂಣು ಅಂತ ನನ್ನ ಕೈ ಸಡ್ಲಾಗಾಕತ್ತಿದ್ದು. ಅಷ್ಟರಾಗ ನೀ ಜಾರಿದಿ. ಹಗ್ಗ ಎಳದದ್ದಕ್ಕ ಹಿಡದೆ." ಅವಳು ತನ್ನ ಅಂಗೈ ನೋಡಿಕೊಂಡಳು. ಗಾಯ ಒಣಗಿ ಹೊಸ ಚರ್ಮ ಬಂದಿತ್ತು. "ನಾ ಉಳಸಿಲ್ಲ ನಿನ್ನ. ನಮ್ಮೂರ ರೂಢಿನೂ ಉಳಸಿಲ್ಲ. ನೀ ಜಾರಿದ್ದ ಉಳಸೈತಿ. ಇನ್ನೊಂದ ಉಸಿರು ತಡ ಆಗಿದ್ರ ಮೂರನೇದೂ ಬರ್ತಿತ್ತು. ನಾ ಬಿಡತಿದ್ದೆ."

ಆ ಕ್ಷಣ ನಾನು ಅವಳಿಗೆ ಅಂಜಿದೆ. ನಿಜ ಹೇಳಬೇಕೆಂದರೆ ಎದ್ದು ಮನೆಗೆ ಹೋಗಬೇಕೆನಿಸಿತು. ಆ ಕೈಗಳು ಸಡಿಲಾಗುವುದು ಕಣ್ಣಿಗೆ ಕಟ್ಟಿತು. ಎಷ್ಟು ತಿಂಗಳ ಓಟ, ಎಷ್ಟು ಮರಳಿನ ಚೀಲ, ಎಲ್ಲ ಈ ಕೋಣೆಯಲ್ಲಿ ಮುಗಿಯಿತು ಅಂದುಕೊಂಡೆ. ಆದರೆ ಹೇಳದೆ ಮುಚ್ಚಿಟ್ಟು ಬಂದುಬಿಡುವುದು ಅವಳಿಗೆ ಎಷ್ಟು ಸುಲಭವಿತ್ತು! ಹೇಳಿದಳಲ್ಲ. ಇಂಥವಳ ಕೈಯಲ್ಲಿ ಅಲ್ಲದೆ ಇನ್ಯಾರ ಕೈಯಲ್ಲಿ ನನ್ನ ಹಗ್ಗ ಕೊಡಲಿ?

"ಹಂಗಾದ್ರ ಕರ್ಯೂದ ಬ್ಯಾಡ" ಎಂದೆ. "ಒಂದೂ ಸಲ ಬ್ಯಾಡ, ಮೂರೂ ಸಲ ಬ್ಯಾಡ. ನೆತ್ತಿ ಮುಟ್ಟಿದ ಮ್ಯಾಲ ನಾ ಹಗ್ಗ ಜಗ್ಗತೀನಿ. ನೀ ತಿರಗಿ ಜಗ್ಗಿ ಆಮ್ಯಾಲ ಬಿಡು. ದನಿ ಏನರ ಅನಲಿ. ಜಗ್ಗಾಕ ಕೈ ಬೇಕಲ್ಲ? ಅದಕ್ಕ ಕೈ ಎಲ್ಲೈತಿ?"

ಅವಳು ತನ್ನ ಕೈಗಳನ್ನು ಒಮ್ಮೆ ಮುಚ್ಚಿ ತೆರೆದಳು. ಆಮೇಲೆ ಎದ್ದು ಹಗ್ಗ ತಂದಳು. ಬಾಗಿಲ ಈಚೆ ನಾನು, ಆಚೆ ಜಿನೆಯ ಮೆಟ್ಟಿಲ ಮೇಲೆ ಅವಳು, ಇಬ್ಬರೂ ಕಣ್ಣುಮುಚ್ಚಿ ಜಗ್ಗಿ ಜಗ್ಗಿ ಕಲಿತೆವು. ಮನೆಯೊಡತಿ ಕೆಳಗಿನಿಂದ ಇಣುಕಿ, "ಏನವಾ, ಎಮ್ಮಿ ಕಟ್ಟಾಕತ್ತೀರೇನು?" ಎಂದು ಕೇಳಿದಳು. ಎಷ್ಟೋ ವಾರದ ಮೇಲೆ ಲಗಮಕ್ಕ ನಕ್ಕಳು. ಕತ್ತಲಾಗುವುದರೊಳಗೆ ಅವಳ ಚೀಲ ತುಂಬಿತು.

ಸಮುದ್ರದ ಮೊದಲ ದಿನಗಳು ಮರಳಿನಲ್ಲೇ ಕಳೆದವು. ಆಮೇಲೆ ಒಂದು ಬೆಳಗ್ಗೆ ಮರಳು ಮುಗಿದು ಬಂಡೆ ಎದುರಾಯಿತು. ನಾವು ಖಾನಾಪುರದಲ್ಲಿ ಏರಿದ್ದಕ್ಕಿಂತ ಎತ್ತರ, ಬುಡದಲ್ಲಿ ಅಲೆ. ಗಂಡಸರು ಮೂರು ಮೂರು ಸಲ ಕೂಗುತ್ತ ಏರಿ ಆಚೆ ಬದಿಗೆ ಹೋದರು. ಕೊನೆಗೆ ನಮ್ಮ ಸರದಿ. ನೆತ್ತಿಯಲ್ಲಿ ಯಾರೂ ಉಳಿದಿರಲಿಲ್ಲ. ನಾನು ಗಂಟು ಬಿಗಿದು ಲಗಮಕ್ಕನ ಮುಖ ನೋಡಿದೆ. ಅವಳು ಹಗ್ಗವನ್ನು ಬೆನ್ನಿಗೆ ಬಳಸಿಕೊಂಡು ತಲೆಯಾಡಿಸಿದಳು.

ಉಪ್ಪು ಹತ್ತಿದ ಕಲ್ಲು ಕೈಯನ್ನು ಕಚ್ಚುತ್ತಿತ್ತು. ಬಾಯಿ ಬಿಗಿಹಿಡಿದು ಏರಿದೆ. ನಡುವೆ ಬಂಡೆ ಹೊರಕ್ಕೆ ಬಾಗಿದ ಒಂದು ಚಾಚಿನ ಕೆಳಗೆ ಬಹಳ ಹೊತ್ತು ಸಿಕ್ಕಿಕೊಂಡೆ. ಅಲ್ಲಿಂದ ಬಿದ್ದರೆ ಉಳಿಯುವ ಮಾತಿರಲಿಲ್ಲ. ಹಗ್ಗ ಕೆಳಗೆ ಗಟ್ಟಿಯಾಗಿಯೇ ಇತ್ತು. ಹೇಗೋ ಕೈ ಹಾಕಿ ದಾಟಿದೆ, ನೆತ್ತಿ ಸೇರಿದೆ, ಅಲ್ಲಿದ್ದ ಗೇರುಮರಕ್ಕೆ ನನ್ನನ್ನು ಕಟ್ಟಿಕೊಂಡು ಹಗ್ಗ ಜಗ್ಗಿದೆ. ಕೆಳಗಿನಿಂದ ಅವಳು ಜಗ್ಗಿದಳು. ಹಗ್ಗ ಸಡಿಲಾಯಿತು. ಅದನ್ನು ಎಳೆದುಕೊಂಡು, ಬಿಗಿಹಿಡಿದು, ಅವಳನ್ನು ಏರಿಸಿಕೊಂಡೆ.

ಲಗಮಕ್ಕ ಅಂಚಿನ ಮೇಲೆ ಬಂದು ನನ್ನ ಪಕ್ಕದಲ್ಲಿ ಕುಸಿದು ಕೂತಳು. ನಾವು ಏರಿದ್ದೆವು. ನಾನು ಕುಣಿಯಬೇಕೆಂದಿದ್ದೆ. ಅವಳ ತುಟಿ ಬೆಳ್ಳಗಾಗಿದ್ದು ಆಗ ಕಂಡಿತು.

"ನಡುವ ಆ ಚಾಚಿನ ಕೆಳಗ ನಿಂತಿದ್ದೆಲ್ಲ" ಎಂದಳು. "ಅವಾಗ ಏನರ ಕರದೇನು?"

"ಇಲ್ಲ."

ಅವಳು ಕೆಳಗಿನ ನೀರನ್ನು ನೋಡುತ್ತ ಕೂತಳು. ನನಗೆ ಕೇಳಲೂ ಅಂಜಿಕೆ, ಕೇಳದಿರಲೂ ಅಂಜಿಕೆ.

"ಎಷ್ಟ ಸಲ ಕರೀತು?" ಎಂದೆ.

"ಮೂರು" ಎಂದಳು ಲಗಮಕ್ಕ.

ಆಮೇಲೆ ಇಬ್ಬರೂ ಸೊಂಟದ ಗಂಟು ಬಿಚ್ಚದೆಯೇ ಅಲ್ಲಿ ಕೂತು ಬುತ್ತಿ ಬಿಚ್ಚಿದೆವು.